ಹುಣಸೆ ಬೀಜದ ಲೆಕ್ಕ: ವಿಆರ್ ಕನ್ನಡಕ ಮತ್ತು ನಮ್ಮ ಮಕ್ಕಳ ಕೈಕಾಲು

(ಧಾರವಾಡದಲ್ಲಿ ಪಾಲಕರು, ಶಿಕ್ಷಕರು ಮತ್ತು ಅಂಗನವಾಡಿ ಕಾರ್ಯಕರ್ತೆಯರ ಎದುರು ಮಕ್ಕಳ ಫಿಜಿಯೋಥೆರಪಿಸ್ಟ್ ಒಬ್ಬರು ಆಡಿದ ಮಾತುಗಳ ಬರಹ ರೂಪ.)

ಮೊದಲು ಈ ಹೆಡ್‌ಸೆಟ್ಟನ್ನು ಕೈಯಿಂದ ಕೈಗೆ ದಾಟಿಸಿ. ಇದೇ ವಿಆರ್ ಕನ್ನಡಕ, ಕಣ್ಣಿಗೆ ಕಟ್ಟಿಕೊಂಡರೆ ಕಂಪ್ಯೂಟರ್ ಕಟ್ಟಿದ ಲೋಕದೊಳಗೇ ಇದ್ದೇವೆ ಅನ್ನಿಸುತ್ತದೆ. ಬಿದ್ದೀತು ಅಂತ ಹೆದರಬೇಡಿ, ನಮ್ಮ ಮಕ್ಕಳು ಎಷ್ಟೋ ಸಲ ಕೆಡವಿದ್ದಾರೆ. ತೂಕ ನೋಡಿಕೊಳ್ಳಿ. ಅರ್ಧ ಕಿಲೋ ಇದೆ. ಲೈನ್ ಬಜಾರಿನಲ್ಲಿ ಅರ್ಧ ಕಿಲೋ ಪೇಡೆ ಕಟ್ಟಿಸಿಕೊಂಡು ಆ ಪೊಟ್ಟಣವನ್ನು ಹಣೆಗೆ ಬಿಗಿದುಕೊಂಡ ಹಾಗೆ. ಕುತ್ತಿಗೆ ಇನ್ನೂ ನಿಲ್ಲದ ಮಗುವಿಗೆ ಇದನ್ನು ಕಟ್ಟಿದರೆ ಏನಾದೀತು? ಆ ಮಾತಿಗೆ ಆಮೇಲೆ ಬರುತ್ತೇನೆ.

ಮುಂದಿನ ಸಾಲಿನಲ್ಲಿ ಕೂತ ಅಜ್ಜಿ ಈಗಷ್ಟೇ ಕೇಳಿದರು: "ಇದನ್ನ ಹಾಕ್ಕೊಂಡ್ರ ನಮ್ಮ ಮೊಮ್ಮಗಾ ನಡೀತಾನೇನವ್ವಾ?" ಇಲ್ಲ ಅಮ್ಮಾ. ಇದನ್ನು ಹಾಕಿಕೊಂಡ ಮಾತ್ರಕ್ಕೆ ಯಾರೂ ನಡೆಯುವುದಿಲ್ಲ. ಫೋನಿನಲ್ಲಿ ಓಡಾಡುವ ವಿಡಿಯೋ ನಾನೂ ನೋಡಿದ್ದೇನೆ. ಮಗು ಕನ್ನಡಕ ಹಾಕುತ್ತದೆ, ಹಿಂದೆ ಹಾಡು ಬರುತ್ತದೆ, ಮಗು ಎದ್ದು ನಡೆಯುತ್ತದೆ. ಆ ಹಾಡಿನ ಹಿಂದೆ ಇರುವ ಎರಡು ವರ್ಷದ ದುಡಿಮೆಯನ್ನು ವಿಡಿಯೋ ಮಾಡಿದವರು ಕತ್ತರಿಸಿರುತ್ತಾರೆ. ಹಾಗಾದರೆ ಈ ಪೆಟ್ಟಿಗೆಯಿಂದ ಏನು ಸಿಗುತ್ತದೆ? ಒಂದೇ ಸಿಗುತ್ತದೆ, ಲೆಕ್ಕ. ಎಣಿಕೆಯ ಲೆಕ್ಕ. ಅದನ್ನು ಬಿಡಿಸಿ ಹೇಳಲಿಕ್ಕೇ ಇವತ್ತು ಬಂದಿದ್ದೇನೆ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ನಮ್ಮ ಕಡೆ ಇದಕ್ಕೆ ಊರಿಗೊಂದು ಹೆಸರು. "ಸಣ್ಣಾಂವಿದ್ದಾಗ ಲಕ್ವಾ ಹೊಡದೈತ್ರಿ" ಅನ್ನುತ್ತಾರೆ, "ಪೋಲಿಯೋ ಆಗೈತಿ" ಅನ್ನುತ್ತಾರೆ, ಬಸುರಿಯಲ್ಲಿ ಗ್ರಹಣ ನೋಡಿದ್ದಕ್ಕೆ ಅನ್ನುವವರೂ ಇದ್ದಾರೆ. ಬಹಳಷ್ಟು ಸಲ ಅದು ಸೆರೆಬ್ರಲ್ ಪಾಲ್ಸಿ. ಬೆಳೆಯುತ್ತಿರುವ ಮಿದುಳಿಗೆ ಹುಟ್ಟುವ ಮೊದಲು, ಹುಟ್ಟುವಾಗ ಅಥವಾ ಹುಟ್ಟಿದ ಹೊಸತರಲ್ಲಿ ಆದ ಪೆಟ್ಟು. ದಿನ ತುಂಬದೆ ಹುಟ್ಟಿದ್ದು, ಹುಟ್ಟಿದ ಕೂಡಲೇ ಅಳದಿದ್ದದ್ದು, ಕಾಮಾಲೆ ವಿಪರೀತ ಏರಿದ್ದು, ಮಿದುಳಿಗೆ ಸೋಂಕು ತಗುಲಿದ್ದು, ಹೀಗೆ ಕಾರಣ ಹಲವು. ಲಂಡನ್ನಿನ ವಿಲಿಯಂ ಲಿಟಲ್ ಎಂಬ ವೈದ್ಯ 1861ರಲ್ಲೇ ಮಕ್ಕಳ ಈ ಬಿಗಿತಕ್ಕೂ ಕಷ್ಟದ ಹೆರಿಗೆಗೂ ನಂಟು ಹೇಳಿದ್ದ. ಅವನದೇ ಒಂದು ಪಾದ ಚಿಕ್ಕಂದಿನಿಂದ ಸೊಟ್ಟಗಿತ್ತು. ಬಹುಶಃ ಅದಕ್ಕೇ ಅವನ ಕಣ್ಣು ಅಲ್ಲಿ ಹೋಗಿರಬೇಕು.

ಮಿದುಳಿನ ಆ ಪೆಟ್ಟು ಮುಂದೆ ಹೆಚ್ಚುವುದಿಲ್ಲ. ಆದರೆ ಮಗು ಬೆಳೆಯುತ್ತದೆ. ಎಲುಬು ಉದ್ದವಾಗುತ್ತದೆ, ಬಿಗಿದ ಸ್ನಾಯು ಅಷ್ಟೇ ವೇಗದಲ್ಲಿ ಉದ್ದವಾಗುವುದಿಲ್ಲ. "ಹೋದ ವರ್ಷ ಹಿಮ್ಮಡಿ ಊರ್ತಿದ್ದ, ಈ ವರ್ಷ ತುದಿಗಾಲಲ್ಲೇ ನಿಂದರತಾನ" ಅಂತ ನೀವು ಹೇಳುತ್ತೀರಲ್ಲ, ಅದು ಇದೇ. ಇದಕ್ಕೆ ಬೂಟು ಬೇಕು, ಕೆಲವರಿಗೆ ಇಂಜೆಕ್ಷನ್, ಕೆಲವರಿಗೆ ಆಪರೇಷನ್. ಸೊಂಟದ ಕೀಲು ಜಾರುತ್ತಿದೆಯೇ ಅಂತ ನೋಡಲು ಕಾಲಕಾಲಕ್ಕೆ ಎಕ್ಸ್‌ರೇ ಬೇಕು. ಯಾವ ಕನ್ನಡಕವೂ ಈ ಕೆಲಸ ಮಾಡುವುದಿಲ್ಲ.

ನನ್ನದೇ ತಪ್ಪು ಒಂದನ್ನು ಹೇಳಿಬಿಡುತ್ತೇನೆ. ನಾನು ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಗು ಚಾಪೆಯ ಮೇಲೆ ಮಲಗಿರುತ್ತಿತ್ತು, ನಾನು ಕಾಲು ಎತ್ತುತ್ತಿದ್ದೆ, ಇಳಿಸುತ್ತಿದ್ದೆ, ಮಡಚುತ್ತಿದ್ದೆ, ಚಾಚುತ್ತಿದ್ದೆ. ಅರ್ಧ ತಾಸಿಗೆ ಬೆವರು ಇಳಿಯುತ್ತಿತ್ತು. ಯಾರಿಗೆ? ನನಗೆ. ಮಗು ಛಾವಣಿಯ ಫ್ಯಾನು ನೋಡುತ್ತ ಮಲಗಿರುತ್ತಿತ್ತು. ಅಂದರೆ ವ್ಯಾಯಾಮ ಆದದ್ದು ನನ್ನ ಮೈಗೆ! ಮನೆಯಲ್ಲಿ ನೀವು ಎಣ್ಣೆ ಹಚ್ಚಿ ಮಾಲೀಸು ಮಾಡುತ್ತೀರಿ, ಮಾಡಿ, ಮಗುವಿಗೆ ಹಿತ, ನಿಮಗೂ ಸಮಾಧಾನ. ಆದರೆ ಮಾಲೀಸಿನಿಂದ ಮಿದುಳು ಹೊಸ ದಾರಿ ಕಲಿಯುವುದಿಲ್ಲ. ಆಸ್ಟ್ರೇಲಿಯಾದ ಐಯೋನಾ ನೊವಾಕ್ ಮತ್ತು ಜೊತೆಗಾರರು ಈ ಮಕ್ಕಳಿಗೆ ಲೋಕದಲ್ಲಿ ಮಾಡುವ ಎಲ್ಲ ಚಿಕಿತ್ಸೆಗಳನ್ನು 2013ರಲ್ಲಿ, ಮತ್ತೆ 2020ರಲ್ಲಿ ಜರಡಿ ಹಿಡಿದರು. ಬೇರೆಯವರು ಮೈ ಅಲ್ಲಾಡಿಸಿ ಮಾಡುವ ಚಿಕಿತ್ಸೆಗಳು ಜೊಳ್ಳಾಗಿ ಕೆಳಗೆ ಉದುರಿದವು. ತನಗೆ ಬೇಕಾದ ಕೆಲಸವನ್ನು ಮಗು ತಾನೇ ಮತ್ತೆ ಮತ್ತೆ ಮಾಡಿ ಕಲಿಯುವಂಥವು ಮೇಲೆ ಉಳಿದವು.

ಮತ್ತೆ ಮತ್ತೆ ಅಂದರೆ ಎಷ್ಟು ಸಲ? ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಅಂಕಿ ಇದೆ. ನ್ಯೂಯಾರ್ಕಿನ ಕರೆನ್ ಅಡಾಲ್ಫ್ ಎಂಬ ಮನೋವಿಜ್ಞಾನಿಯ ತಂಡ ಹನ್ನೆರಡರಿಂದ ಹತ್ತೊಂಬತ್ತು ತಿಂಗಳ ಕೂಸುಗಳು ಆಡುತ್ತಿರುವಾಗ ಎಷ್ಟು ಹೆಜ್ಜೆ ಇಡುತ್ತವೆ ಅಂತ ಎಣಿಸಿತು. 2012ರಲ್ಲಿ ಪ್ರಕಟವಾದ ಲೆಕ್ಕ ಅದು. ತಾಸಿಗೆ ಸರಾಸರಿ 2,368 ಹೆಜ್ಜೆ, 17 ಸಲ ಬೀಳುವುದು. ಒಂದು ತಾಸಿನಲ್ಲಿ! ಹಗಲೆಲ್ಲ ಎಷ್ಟಾಯಿತು ನೀವೇ ಗುಣಿಸಿ. ಆ ಕೂಸಿಗೆ ಯಾರೂ "ಹತ್ತು ಸಲ, ಮೂರು ಸೆಟ್" ಅಂತ ಚೀಟಿ ಬರೆದುಕೊಟ್ಟಿಲ್ಲ. ಅತ್ತ ಬೆಕ್ಕು ಹೋಯಿತು, ಇತ್ತ ಅವ್ವ ಹೋದಳು, ಅದರ ಹಿಂದೆ ಹೋಗಬೇಕು, ಅಷ್ಟೇ.

ಇನ್ನೊಂದು ಲೆಕ್ಕ ಕೇಳಿ. ಅಮೆರಿಕದಲ್ಲಿ ಕ್ಯಾಥರಿನ್ ಲ್ಯಾಂಗ್ ತಂಡ ಲಕ್ವಾ ಹೊಡೆದ ದೊಡ್ಡವರ ಚಿಕಿತ್ಸೆಯನ್ನು ಕೂತು ನೋಡಿ 2009ರಲ್ಲಿ ಬರೆಯಿತು. ಒಂದು ಸಲದ ಚಿಕಿತ್ಸೆಯಲ್ಲಿ ಕೈಯಿಂದ ಮಾಡಿಸುತ್ತಿದ್ದ ನಿಜವಾದ ಕೆಲಸದ ಎಣಿಕೆ ಸರಾಸರಿ 32. ಪ್ರಯೋಗಶಾಲೆಯಲ್ಲಿ ಪ್ರಾಣಿಗಳ ಮಿದುಳು ಬದಲಾಗಲು ನೂರಾರು ಸಲ ಬೇಕಾಗಿತ್ತು. ಇದನ್ನು ಓದಿದ ದಿನ ನಾನು ನನ್ನ ಕೋಣೆಯಲ್ಲೂ ಎಣಿಸಬೇಕು ಅಂದುಕೊಂಡೆ.

ಅಣ್ಣಿಗೇರಿ ಕಡೆಯ ಹಳ್ಳಿಯಿಂದ ಒಬ್ಬ ಹುಡುಗ ಬರುತ್ತಿದ್ದ. ಆರು ವರ್ಷ. ಬಲಗೈ ಮೊಣಕೈಯಲ್ಲಿ ಮಡಚಿ ಎದೆಗೆ ಅಂಟಿಕೊಂಡಿರುತ್ತಿತ್ತು, ಹೆಬ್ಬೆರಳು ಮುಷ್ಟಿಯೊಳಗೆ. ಅವನ ಅವ್ವನ ಕೈಗೆ ಒಂದು ಬಟ್ಟಲು, ಒಂದು ಹಿಡಿ ಹುಣಸೆ ಬೀಜ ಕೊಟ್ಟೆ. ಮಗ ಬಲಗೈ ಚಾಚಿದಾಗೊಮ್ಮೆ ಒಂದು ಬೀಜ ಬಟ್ಟಲಿಗೆ. ಮರದ ಬಳೆಗಳನ್ನು ಗೂಟಕ್ಕೆ ಹಾಕುವ ಆಟ. ಇಪ್ಪತ್ತಾಗುವುದರೊಳಗೆ ಅಳು ಶುರು. ಚಾಕಲೇಟು ತೋರಿಸಿ ಇನ್ನೂ ನಾಲ್ಕು ಮಾಡಿಸಿದೆ. ಆಮೇಲೆ ನೆಲದ ಮೇಲೆ ಉರುಳಾಡಿದ. ಅವನದೇನೂ ತಪ್ಪಿಲ್ಲ, ಆ ಬಳೆ ಗೂಟಕ್ಕೆ ಹೋದರೆಷ್ಟು ಬಿಟ್ಟರೆಷ್ಟು? ನಮಗೇ ಬೇಸರ ಬರುತ್ತದೆ.

ಆಗ ಸಿಕ್ಕಿದ್ದು ಕಿನೆಕ್ಟ್, ಮೈಯ ಚಲನೆ ನೋಡಿ ಟಿವಿಯಲ್ಲಿ ಆಟ ಆಡಿಸುವ ಯಂತ್ರ. ಈ ಯಂತ್ರಗಳ ವಂಶಾವಳಿ ಬೇಗ ಹೇಳಿ ಮುಗಿಸುತ್ತೇನೆ. ಕಂಪ್ಯೂಟರಿನ ಚಿತ್ರ ತೋರಿಸುವ, ತಲೆಗೆ ಹಾಕುವ ಮೊದಲ ಪರದೆಯನ್ನು 1968ರಲ್ಲಿ ಐವಾನ್ ಸದರ್‌ಲ್ಯಾಂಡ್ ಮಾಡಿದ. ಅದರ ಭಾರಕ್ಕೆ ಛಾವಣಿಯಿಂದ ತೂಗುಹಾಕಬೇಕಾಗಿತ್ತು. 2006ರಲ್ಲಿ ನಿಂಟೆಂಡೊ ಕಂಪನಿಯವರ ವೀ ಎಂಬ ಆಟದ ಯಂತ್ರ ಬಂತು, ಕೈಯಲ್ಲಿ ಹಿಡಿದ ರಿಮೋಟು ಬೀಸಿದರೆ ಪರದೆಯಲ್ಲಿ ಬ್ಯಾಟು ಬೀಸುತ್ತಿತ್ತು. 2008ರಲ್ಲೇ ಜೂಡಿತ್ ಡಾಯಿಚ್ ಎಂಬ ಫಿಜಿಯೋಥೆರಪಿ ತಜ್ಞೆ ಸೆರೆಬ್ರಲ್ ಪಾಲ್ಸಿ ಇದ್ದ ಒಬ್ಬ ಹದಿಹರೆಯದ ರೋಗಿಗೆ ಅದನ್ನು ಬಳಸಿದ್ದನ್ನು ಬರೆದರು. 2010ರಲ್ಲಿ ಮೈಕ್ರೋಸಾಫ್ಟಿನ ಕಿನೆಕ್ಟ್ ಬಂದ ಮೇಲೆ ಕೈಯಲ್ಲಿ ಏನೂ ಹಿಡಿಯಬೇಕಿಲ್ಲ. ಮುಷ್ಟಿ ಬಿಚ್ಚದ ಮಕ್ಕಳಿಗೆ ಇದು ದೊಡ್ಡ ಸಂಗತಿ. ಕೋಣೆಯ ತುಂಬ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಚುಕ್ಕೆಗಳನ್ನು ಚೆಲ್ಲಿ, ಮೈ ಎಲ್ಲಿದೆ, ಕೈ ಎಲ್ಲಿದೆ ಅಂತ ಅದು ಅಳೆಯುತ್ತಿತ್ತು. ಟಿವಿಯಲ್ಲಿ ಮಗುವಿನದೇ ಒಂದು ಆಕೃತಿ. ಇಲ್ಲಿ ಕೈ ಎತ್ತಿದರೆ ಅಲ್ಲಿ ಎತ್ತುತ್ತದೆ.

ನಾವು ಯಾರೋ ಬಳಸಿ ಬಿಟ್ಟ ಹಳೆಯದೊಂದನ್ನು ತಂದೆವು. ಮೊದಲ ದಿನ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲ ಜೋಡಿಸಿ ಕೂತರೆ ಯಂತ್ರಕ್ಕೆ ಹುಡುಗ ಕಾಣಿಸಲೇ ಇಲ್ಲ. ಕೇಬಲ್ ಬದಲಿಸಿದೆವು, ಬೈದೆವು, ತಟ್ಟಿದೆವು. ಹನ್ನೊಂದರ ಹೊತ್ತಿಗೆ ತಾನೇ ಸರಿಯಾಯಿತು. ಮರುದಿನ ಮತ್ತೆ ಅದೇ ಕಥೆ. ಕೋಣೆಯ ಕಿಟಕಿ ಮೂಡಲಿಗೆ ಇತ್ತು. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುವುದರಿಂದ ಯಂತ್ರದ ಚುಕ್ಕೆಗಳು ಅದರಲ್ಲಿ ಮುಳುಗಿಹೋಗುತ್ತಿದ್ದವು. ನಮ್ಮ ಆಯಾ ಮನೆಯಿಂದ ಹಳೆಯ ಕೌದಿ ತಂದು ಕಿಟಕಿಗೆ ಕಟ್ಟಿದಳು. ಅದು ಇವತ್ತಿಗೂ ಅಲ್ಲೇ ಇದೆ.

ಎರಡನೆಯ ಪಜೀತಿ ಇನ್ನೂ ಮಜವಾಗಿತ್ತು. ಹುಡುಗ ಬೀಳಬಾರದು ಅಂತ ಅವನ ಅವ್ವ ಹಿಂದೆ ಕೂತು ಸೊಂಟ ಹಿಡಿದಿದ್ದಳು. ಪರದೆಯ ಮೇಲೆ ಫುಗ್ಗೆ ಒಡೆಯುವ ಆಟ. ಪಟಪಟ ಒಡೆಯುತ್ತಿವೆ, ಅಂಕ ಏರುತ್ತಿದೆ, ನಾನು ಖುಷಿಯಾಗಿದ್ದೇನೆ. ಹುಡುಗ ಮಾತ್ರ ಸುಮ್ಮನೆ ಕೂತಿದ್ದಾನೆ. ನೋಡಿದರೆ, ಫುಗ್ಗೆ ಬಂದಾಗೊಮ್ಮೆ "ಹೊಡಿಯೋ, ಹೊಡಿಯೋ" ಅಂತ ಅವ್ವ ಕೈ ಬೀಸುತ್ತಿದ್ದಾಳೆ, ಯಂತ್ರ ಅವಳ ಕೈಯನ್ನೇ ಲೆಕ್ಕಕ್ಕೆ ಹಿಡಿದಿದೆ. ನಾನು ಚಾಪೆಯ ಮೇಲೆ ಬೆವರು ಸುರಿಸಿದ ಕಥೆಯೇ ಮತ್ತೆ!

ಅವ್ವನನ್ನು ಪಕ್ಕಕ್ಕೆ ಕೂರಿಸಿದೆವು. ಬಟ್ಟಲು ಕೊಟ್ಟೆವು. ಆವತ್ತು ಅರ್ಧ ತಾಸು ಮುಗಿಯುವ ಮೊದಲೇ ಅವಳು, "ಮೇಡಂ, ಬೀಜ ಮುಗದ್ವು ನೋಡ್ರಿ" ಅಂದಳು. ಹುಡುಗನ ಮುಖ ಕೆಂಪಾಗಿತ್ತು, ಬೆವರು ಅವನದು.

ಇಲ್ಲಿಗೇ ನಿಲ್ಲಿಸಿದ್ದರೆ ನನ್ನದೂ ಹಾಡಿನ ವಿಡಿಯೋ ಆಗುತ್ತಿತ್ತು. ಮೂರನೆಯ ವಾರ ಫೋನಿನಲ್ಲಿ ಅವನ ಆಟ ಹಿಡಿದು ರಾತ್ರಿ ನೋಡಿದೆ. ಅಂಕ ದಿನದಿನಕ್ಕೆ ಏರಿದೆ. ಕೈ? ಮೊಣಕೈ ಮೊದಲಿನ ಹಾಗೇ ಮಡಚಿಕೊಂಡಿದೆ. ಅವನು ಮಾಡುತ್ತಿದ್ದದ್ದು ಇಷ್ಟು: ಭುಜ ಕಿವಿಯವರೆಗೆ ಎತ್ತಿ, ಇಡೀ ಮೈಯನ್ನು ಬಲಕ್ಕೆ ವಾಲಿಸಿ, ಮಡಚಿದ ಕೈಯನ್ನು ಹಾಗೇ ಒಯ್ದು ಫುಗ್ಗೆಗೆ ತಾಗಿಸುವುದು. ಆಟಕ್ಕೆ ಬೇಕಾದದ್ದು ಅಂಗೈ ಎಲ್ಲಿ ಮುಟ್ಟಿತು ಅನ್ನುವುದಷ್ಟೇ. ಅಲ್ಲಿಗೆ ಹೇಗೆ ಬಂತು ಅಂತ ಅದು ಕೇಳುವುದಿಲ್ಲ. ಮಕ್ಕಳು ಜಾಣರು, ಹತ್ತಿರದ ಹಾದಿ ಹುಡುಕುತ್ತಾರೆ. ಮೂರು ವಾರ ನಾವು ತಪ್ಪು ಚಲನೆಯನ್ನೇ ನೂರಾರು ಸಲ ಕಲಿಸಿದ್ದೆವು.

ಮರುದಿನ ಅವ್ವನ ಹಳೇ ಸೀರೆ ಹರಿದು ಅಗಲದ ಪಟ್ಟಿ ಮಾಡಿ, ಅವನ ಎದೆಯನ್ನು ಕುರ್ಚಿಯ ಬೆನ್ನಿಗೆ ಮೆತ್ತಗೆ ಕಟ್ಟಿದೆವು. ಮೈ ವಾಲುವಂತಿಲ್ಲ, ಮೊಣಕೈ ಬಿಚ್ಚಿದರೆ ಮಾತ್ರ ಫುಗ್ಗೆ. ಅಂಕ ದಬಕ್ಕನೆ ಬಿತ್ತು. ಹುಡುಗ ಅತ್ತ, ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಅದಕ್ಕೇ ಹೇಳುವುದು, ಯಂತ್ರ ತಂದಿಟ್ಟು ಮಗುವನ್ನು ಅದರ ಎದುರು ಬಿಟ್ಟು ಚಹಾ ಕುಡಿಯಲು ಹೋಗುವ ಕೇಂದ್ರ ಇದ್ದರೆ ದಯವಿಟ್ಟು ಅಲ್ಲಿಗೆ ದುಡ್ಡು ಸುರಿಯಬೇಡಿ. ಪರದೆ ನೋಡಲಿಕ್ಕೆ ಮಗು ಇದೆ, ಮಗುವಿನ ಮೈ ನೋಡಲಿಕ್ಕೆ ಒಬ್ಬರು ಬೇಕು.

ಆಟದ ಬಗ್ಗೆಯೂ ಒಂದು ಮಾತು. ಬರುವ ಆಟಗಳಲ್ಲಿ ಹಿಮದ ಮೇಲೆ ಜಾರುವುದೇ ಹೆಚ್ಚು. ನವಲಗುಂದದ ಎರೆಹೊಲ ಬಿಟ್ಟು ಏನೂ ನೋಡದ ಮಗು "ಈ ಬಿಳೇದು ಏನ್ರಿ, ಹತ್ತಿ ಏನು?" ಅನ್ನುತ್ತದೆ. ಹುಬ್ಬಳ್ಳಿಯ ಕೆಲವು ಇಂಜಿನಿಯರಿಂಗ್ ಹುಡುಗರು ಬಂದರು. ನಮ್ಮ ಕಡೆಯ ಆಟ ಮಾಡಿಕೊಡಿ ಅಂದೆ. ಉತ್ಸಾಹದಿಂದ ಬ್ಯಾಡಗಿ ಮೆಣಸಿನಕಾಯಿ ಬಿಡಿಸುವ ಆಟ ಮಾಡಿಕೊಂಡು ಬಂದರು. ಕೈ ತಲೆಯ ಮೇಲೆ ಎತ್ತಲಿ ಅಂತ ಗಿಡ ಎತ್ತರ ಮಾಡಿದ್ದಾರೆ. ಹಾವೇರಿ ಕಡೆಯ ಒಬ್ಬ ಹುಡುಗಿ ಅದನ್ನು ನೋಡಿ ಆಡುವುದು ಬಿಟ್ಟು ನಕ್ಕೇ ನಕ್ಕಳು. "ಅಣ್ಣಾ, ಮೆಣಸಿನಗಿಡ ಮನಿಯಷ್ಟು ಎತ್ತರ ಇರ್ತೈತೇನೋ?" ಮುಂದಿನ ವಾರ ಅದು ಹುಣಸಿ ಗಿಡ ಆಗಿತ್ತು. ಅವಳು ಒಪ್ಪಿದಳು. ಸರಿಯಾಗಿ ಆಡಿದಾಗ ಇಂಗ್ಲಿಷಿನಲ್ಲಿ ಹೊಗಳುವ ದನಿ ತೆಗೆದು ಅವಳ ಅಜ್ಜನ ದನಿಯಲ್ಲಿ "ಭಲೇ ಮಗಳ" ಅಂತ ಹಾಕಿಸಿದೆವು. ಅಜ್ಜ ಅದನ್ನು ರೆಕಾರ್ಡ್ ಮಾಡಲು ಪಟಗ ಸುತ್ತಿಕೊಂಡು ಬಂದಿದ್ದ, ದನಿಗೆ ಪಟಗ ಯಾಕೆ ಬೇಕೋ!

ಕಿನೆಕ್ಟ್ ತಯಾರಿಕೆ 2017ಕ್ಕೇ ನಿಂತಿತು. ಚಿಂತೆ ಇಲ್ಲ, ಈಗ ಮಾಮೂಲಿ ಫೋನಿನ ಕ್ಯಾಮೆರಾದಿಂದಲೇ ಮೈಯ ಕೀಲುಗಳನ್ನು ಗುರುತಿಸುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಇಂಜಿನಿಯರಿಂಗ್ ಓದುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಕಡೇ ವರ್ಷದ ಪ್ರಾಜೆಕ್ಟಿಗೆ ನಮ್ಮಲ್ಲಿಗೆ ಕಳಿಸಿ.

ಈಗ ನಿಮ್ಮ ಕೈಯಲ್ಲಿ ಓಡಾಡುತ್ತಿರುವ ಹೆಡ್‌ಸೆಟ್ಟಿಗೆ ಬರೋಣ. ಇದು ಎರಡು ಕಣ್ಣಿಗೆ ತುಸು ಬೇರೆಬೇರೆ ಚಿತ್ರ ತೋರಿಸುತ್ತದೆ, ತಲೆ ತಿರುಗಿಸಿದರೆ ಚಿತ್ರವೂ ತಿರುಗುತ್ತದೆ. ಅದಕ್ಕೇ ಅಲ್ಲೇ ಇದ್ದೇನೆ ಅನ್ನಿಸುತ್ತದೆ. ಹೊಟ್ಟೆ ತೊಳಸುವುದೂ ಅದಕ್ಕೇ. ಪಂಚಮಿ ಜೋಕಾಲಿ ನೆನಪಿಸಿಕೊಳ್ಳಿ. ಬೇವಿನ ಗಿಡದ ಟೊಂಗೆಗೆ ಹಗ್ಗ ಕಟ್ಟಿ ಜೀಕುವಾಗ ಮೈಯೂ ತೂಗುತ್ತದೆ, ಕಣ್ಣಿಗೂ ತೂಗಿದ ಹಾಗೆ ಕಾಣುತ್ತದೆ, ಕಿವಿಯೊಳಗಿನ ಸಮತೋಲದ ಅಂಗವೂ ಹೌದು ಅನ್ನುತ್ತದೆ. ಹೆಡ್‌ಸೆಟ್ಟಿನ ಜೋಕಾಲಿಯಲ್ಲಿ ಕಣ್ಣು ಮಾತ್ರ ತೂಗುತ್ತದೆ, ಕಿವಿ "ಇಲ್ಲ, ಕುರ್ಚಿಯಲ್ಲೇ ಕೂತಿದ್ದಿ" ಅನ್ನುತ್ತದೆ. ಇಬ್ಬರ ಜಗಳದಲ್ಲಿ ಹೊಟ್ಟೆ ಕೆಡುತ್ತದೆ. ಅಂದಹಾಗೆ, ಕಾಲು ಬರದ ಮಗು ಅಂತ ಪಂಚಮಿಯಲ್ಲಿ ಜೋಕಾಲಿಗೆ ದೂರ ಇಡುತ್ತೀರಲ್ಲ, ಇಡಬೇಡಿ. ತೊಡೆಯ ಮೇಲೆ ಕೂರಿಸಿಕೊಂಡು ನೀವೇ ಜೀಕಿ.

ಯಾರಿಗೆ ಹೆಡ್‌ಸೆಟ್ ಬೇಡ? ಈ ಮಕ್ಕಳ ಓಡಾಟವನ್ನು ಐದು ಹಂತಗಳಲ್ಲಿ ಅಳೆಯುವ ಪದ್ಧತಿಯನ್ನು ಕೆನಡಾದಲ್ಲಿ ರಾಬರ್ಟ್ ಪಲಿಸಾನೊ ಮತ್ತು ಜೊತೆಯವರು 1997ರಲ್ಲಿ ಮಾಡಿದರು. ಒಂದನೇ ಹಂತದವರು ಓಡುತ್ತಾರೆ, ಐದನೆಯವರಿಗೆ ತಲೆ ನಿಲ್ಲುವುದೂ ಕಷ್ಟ. ಐದನೆಯವರ ಹಣೆಗೆ ನಾನು ಆ ಪೇಡೆ ಪೊಟ್ಟಣ ಕಟ್ಟುವುದಿಲ್ಲ. ಸೆರೆಬ್ರಲ್ ಪಾಲ್ಸಿ ಇರುವ ನಾಲ್ಕು ಮಕ್ಕಳಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಫಿಟ್ಸ್ ಇರುತ್ತದೆ. ಅಂಥವರಲ್ಲಿ ಕೆಲವರಿಗೆ ಮಿಣಮಿಣ ಮಿಂಚುವ ಚಿತ್ರ ಅಪಾಯ, ನರರೋಗ ವೈದ್ಯರನ್ನು ಕೇಳದೆ ಹಾಕುವುದೇ ಇಲ್ಲ. ಇನ್ನು ವಯಸ್ಸು. ಕ್ವೆಸ್ಟ್ ಎಂಬ ಹೆಡ್‌ಸೆಟ್ ಮಾಡುವ ಮೆಟಾ ಕಂಪನಿಯವರು ಮೊದಲು ಹದಿಮೂರು ಅನ್ನುತ್ತಿದ್ದರು. 2023ರಲ್ಲಿ ಪಾಲಕರ ಉಸ್ತುವಾರಿಯಲ್ಲಿ ಹತ್ತು ಅಂದರು. ಗಾಜುಗಳ ನಡುವಿನ ಅಂತರ ದೊಡ್ಡವರ ಕಣ್ಣಿನ ಅಳತೆಯದು. ಆರು ವರ್ಷದವನಿಗೆ ನಾನು ಟಿವಿ ಆಟ ಕೊಟ್ಟದ್ದು ಅದಕ್ಕೇ.

ದೊಡ್ಡ ಮಕ್ಕಳಿಗೆ ಇದು ಒದಗುವ ಜಾಗ ಒಂದಿದೆ, ನೋವು ಮತ್ತು ಹೆದರಿಕೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ತಂಡ ಸುಟ್ಟಗಾಯದ ಡ್ರೆಸ್ಸಿಂಗ್ ಬದಲಿಸುವಾಗ ರೋಗಿಗಳನ್ನು ಹೆಡ್‌ಸೆಟ್ಟಿನ ಹಿಮದ ಲೋಕಕ್ಕೆ ಕಳಿಸಿ ನೋವು ಕಡಿಮೆ ಅನ್ನಿಸುವುದನ್ನು ತೋರಿಸಿತ್ತು. ಗದಗ ಕಡೆಯ ಹದಿಮೂರರ ಹುಡುಗಿಯೊಬ್ಬಳು ಆಪರೇಷನ್ ಆಗಿ ಪ್ಲಾಸ್ಟರ್ ಬಿಚ್ಚಿದ ಮೇಲೆ ಮೊಣಕಾಲು ಮಡಚಲು ಬಿಡುತ್ತಲೇ ಇರಲಿಲ್ಲ. ಮುಟ್ಟಿದರೆ ಚೀರಾಟ. ಹೆಡ್‌ಸೆಟ್ ಹಾಕಿ ಮೀನುಗಳ ನಡುವೆ ಬಿಟ್ಟೆವು. ಒಂದು ಮೀನು ಕಾಲಡಿ ಹೋಯಿತು ಅಂತ ಅವಳೇ ಕಾಲು ಎಳೆದುಕೊಂಡಳು. ಹತ್ತು ನಿಮಿಷ ಅಷ್ಟೇ, ಕೂತೇ ಇರಬೇಕು, ಹಿಂದೆ ಒಬ್ಬರು ನಿಂತಿರಬೇಕು.

"ಇದಕ್ಕೆ ಪುರಾವೆ ಏನು?" ಅಂತ ಶಿಕ್ಷಕರೊಬ್ಬರು ಚೀಟಿ ಕಳಿಸಿದ್ದಾರೆ. ಒಳ್ಳೇ ಪ್ರಶ್ನೆ. ಮಕ್ಕಳ ಮೇಲಿನ ಅಧ್ಯಯನಗಳು ಬಹಳ ಇವೆ, ಆದರೆ ಹೆಚ್ಚಿನವು ಸಣ್ಣವು, ಒಂದೊಂದರಲ್ಲಿ ಒಂದೊಂದು ಯಂತ್ರ, ಒಂದೊಂದು ಆಟ. ದೊಡ್ಡವರ ಲಕ್ವಾದ ಬಗ್ಗೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2017ರ ಸಮೀಕ್ಷೆ ಹೇಳಿದ್ದು, ಕೈಯ ಮಟ್ಟಿಗೆ ವಿಆರ್ ಮಾಮೂಲಿ ಚಿಕಿತ್ಸೆಗಿಂತ ಮೇಲಲ್ಲ, ಅದರ ಜೊತೆಗೆ ಸೇರಿಸಿ ಅಭ್ಯಾಸದ ಹೊತ್ತು ಹೆಚ್ಚಿಸಿದರೆ ಉಪಯೋಗ ಇರಬಹುದು ಅಂತ. ಮಕ್ಕಳಲ್ಲೂ ನನಗೆ ಕಂಡದ್ದು ಅದೇ. ಫಿಜಿಯೋ ಬಿಟ್ಟು ಯಂತ್ರ ಹಿಡಿದವರಿಗೆ ಏನೂ ಸಿಗಲಿಲ್ಲ.

ಸರ್ಕಾರದ ಕಡೆಯಿಂದ ಸಿಗುವುದನ್ನು ಬೇಗ ಹೇಳುತ್ತೇನೆ, ಬರೆದುಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಸೆರೆಬ್ರಲ್ ಪಾಲ್ಸಿ ಇದೆ, ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡು ಮಾಡಿಸಿ. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ, ಥೆರಪಿ ಖರ್ಚೂ ಸೇರಿ. ಅಂಗನವಾಡಿ, ಶಾಲೆಗೆ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ ಮಗುವನ್ನು ತೋರಿಸಿ. ಬಿಆರ್‌ಸಿಯ ಬಿಐಇಆರ್‌ಟಿ ಶಿಕ್ಷಕರನ್ನು, ಅಂದರೆ ತಾಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರದಲ್ಲಿ ಇಂಥ ಮಕ್ಕಳಿಗಾಗಿ ಇರುವ ಶಿಕ್ಷಕರನ್ನು, ಹುಡುಕಿ ಹಿಡಿಯಿರಿ.

ಅಣ್ಣಿಗೇರಿಯ ಹುಡುಗನಿಗೆ ವಾಪಸು ಬರುತ್ತೇನೆ. ಎರಡು ತಿಂಗಳಾದ ಮೇಲೆ ಫುಗ್ಗೆ ಚೆನ್ನಾಗಿ ಒಡೆಯುತ್ತಿದ್ದ, ಮೊಣಕೈ ಬಿಚ್ಚಿ, ಮೈ ನೆಟ್ಟಗೆ. ಅವ್ವನನ್ನು ಕೇಳಿದೆ, ಮನೆಯಲ್ಲಿ ಬಲಗೈ ಬಳಸುತ್ತಾನಾ? "ಎಲ್ಲೀದ್ರಿ ಮೇಡಂ, ಎಡಗೈಲೇ ಉಣ್ತಾನ, ಅವರಜ್ಜ ದಿನಾ ಬೈತಾರ." ಪರದೆಯೊಳಗೆ ಕಲಿತದ್ದು ಪರದೆಯೊಳಗೇ ಉಳಿದಿತ್ತು. ಫುಗ್ಗೆಗೆ ತೂಕ ಇಲ್ಲ, ಬಿಸಿ ಇಲ್ಲ, ಅಂಚಿಲ್ಲ. ರೊಟ್ಟಿಗೆ ಇದೆ.

ಅವತ್ತಿನಿಂದ ಇಪ್ಪತ್ತು ನಿಮಿಷ ಆಟ, ಕೂಡಲೇ ಟಿವಿ ಬಂದ್, ಕೈ ಇನ್ನೂ ಬೆಚ್ಚಗಿರುವಾಗಲೇ ಎದುರಿಗೆ ತಟ್ಟೆ. ಮೊದಲು ಕಡಕ್ ರೊಟ್ಟಿ, ಅದಕ್ಕೆ ಎರಡೂ ಕೈ ಬೇಕು. ಎಡಗೈಲಿ ಮುರಿಯಲಿ, ಬಲಗೈ ಒತ್ತಿ ಹಿಡಿದರೆ ಸಾಕು. ಕಡಕ್ ರೊಟ್ಟಿ ಮುರಿದಾಗ ಪಟ್ ಅಂತ ಸದ್ದಾಗುತ್ತದಲ್ಲ, ಫುಗ್ಗೆ ಒಡೆದ ಸದ್ದೇ. ಹುಡುಗ ನಕ್ಕ. ಆಮೇಲೆ ಮೆತ್ತನ ರೊಟ್ಟಿ, ಪಲ್ಯ ಬಳಿದುಕೊಳ್ಳುವುದು. ಈಗಲೂ ಪೂರ್ತಿ ಬಲಗೈಲಿ ಉಣ್ಣುವುದಿಲ್ಲ, ಬಲಗೈ ತಟ್ಟೆಯ ಮೇಲೆ ಬಂದಿದೆ. ಅಜ್ಜನಿಗೆ ಬೈಯುವುದು ನಿಲ್ಲಿಸಿ ಅಂತ ನಾನೇ ಫೋನು ಮಾಡಿದೆ.

ನಾಳೆ ಬೆಳಿಗ್ಗೆ ಮಕ್ಕಳನ್ನು ಕರೆತರುವವರು ಹೆಸರು ಬರೆಸಿ ಹೋಗಿ. ಹಳೆಯ ರಿಪೋರ್ಟು, ಎಕ್ಸ್‌ರೇ, ಬೂಟು ಇದ್ದರೆ ಬೂಟು ತನ್ನಿ. ಮಗು ಮನೆಯಲ್ಲಿ ದಿನಾ ಉಣ್ಣುವ ತಟ್ಟೆ ಯಾವುದೋ ಅದನ್ನೂ ಚೀಲದಲ್ಲಿ ಹಾಕಿಕೊಂಡು ಬನ್ನಿ. ರೊಟ್ಟಿ ನಾವು ತರಿಸುತ್ತೇವೆ.